ಸೈಕಲ್ಲಿನಲ್ಲಿ ನಮ್ಮ ಸೀಮೆ: ಮೂರು ದಾರಿ, ಒಂದು ವಿನಂತಿ

ಮಳೆಗಾಲ ಹಿಂದೆ ಸರಿದು ಅಡಿಕೆ ಕೊಯ್ಲು ಮೊದಲಾಗುವ ಹೊತ್ತಿಗೆ ನಮ್ಮ ಊರುಗಳ ರಸ್ತೆಯಲ್ಲಿ ಮತ್ತೊಂದು ಸುಗ್ಗಿಯೂ ಆರಂಭವಾಗುತ್ತದೆ. ಭಾನುವಾರ ಬೆಳಗಾದರೆ ತಲೆಗೆ ಹೆಲ್ಮೆಟ್ ಕಟ್ಟಿಕೊಂಡ ಸೈಕಲ್ ಸವಾರರು ಇಬ್ಬರು ಮೂವರಾಗಿ ತೋಟಗಳ ನಡುವೆ ಹಾದುಹೋಗುವುದನ್ನು ಸದಸ್ಯರು ನೋಡಿರಬಹುದು. "ಇವರಿಗೇನು ಬಸ್ಸು ಸಿಗಲಿಲ್ಲವೇ?" ಎಂದು ನಗುವ ಹಿರಿಯರೂ ನಮ್ಮಲ್ಲಿದ್ದಾರೆ. ಆದರೆ ಇವರು ಹುಡುಕಿಕೊಂಡು ಬರುವುದು ನಾವು ದಿನವೂ ಕಂಡು ಮರೆತಿರುವ ನಮ್ಮದೇ ಊರುಗಳನ್ನು. ಆದ್ದರಿಂದ ಈ ದಾರಿಗಳನ್ನು ಕುರಿತು ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ಸೈಕಲ್ಲು ಭದ್ರಾವತಿಗೆ ಹೊಸದೇನೂ ಅಲ್ಲ. ಬೆಂಕಿಪುರವೆಂದು ಕರೆಯುತ್ತಿದ್ದ ಈ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಮೊದಲಾಯಿತು. 1923ರಲ್ಲಿ ಉತ್ಪಾದನೆ ಆರಂಭವಾಯಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಪಾಳಿಗೆ ಹೋಗುವ ಕಾರ್ಮಿಕ, ಕ್ಯಾನು ಕಟ್ಟಿದ ಹಾಲಿನವರು, ಪೇಟೆಗೆ ಎಲೆಪಿಂಡಿ ಒಯ್ಯುವವರು, ಎಲ್ಲರದೂ ಸೈಕಲ್ಲೇ. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ಅಷ್ಟರೊಳಗೆ ಸೈಕಲ್ಲಿನ ಜಾಗಕ್ಕೆ ಮೋಟಾರು ಬೈಕು ಬಂದಾಗಿತ್ತು.

ನೆಲದ ಗುಣ

ಸೈಕಲ್ಲಿಗೆ ನಮ್ಮ ಸೀಮೆ ಹೇಳಿ ಮಾಡಿಸಿದಂತಿದೆ. ಪಶ್ಚಿಮದ ಆಗುಂಬೆಯ ಕಡೆ ಹೋದರೆ ಘಟ್ಟ, ಪೂರ್ವಕ್ಕೆ ಚಿತ್ರದುರ್ಗದ ಕಡೆ ಹೋದರೆ ಬಯಲು ಮತ್ತು ಬಿಸಿಲು. ನಡುವಿನ ಶಿವಮೊಗ್ಗ–ಭದ್ರಾವತಿ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಅರೆಮಲೆನಾಡು. ಸಣ್ಣ ಏರು, ಸಣ್ಣ ಇಳಿಜಾರು, ಒಂದು ಕೆರೆ, ಮತ್ತೆ ತೋಟ. ಗೇರಿಲ್ಲದ ಸಾದಾ ಸೈಕಲ್ಲಿನಲ್ಲಿಯೂ ಗಂಟೆಗೆ 12ರಿಂದ 15 ಕಿ.ಮೀ. ಸಾಗಬಹುದು.

ಮೊದಲನೆಯ ದಾರಿ: ಎರಡು ಹೊಳೆಗಳ ಸಂಗಮಕ್ಕೆ

ಭದ್ರಾವತಿಯ ಹಳೆಯ ಊರಿನ ಲಕ್ಷ್ಮೀನರಸಿಂಹ ದೇವಾಲಯದಿಂದ ಹೊರಡುವುದು ಚೆಂದ. 13ನೆಯ ಶತಮಾನದ ಈ ಹೊಯ್ಸಳ ಗುಡಿ ಮೂರು ಗರ್ಭಗೃಹಗಳ ತ್ರಿಕೂಟಾಚಲ. ಅಲ್ಲಿಂದ ಉತ್ತರಕ್ಕೆ ಗದ್ದೆ ಮತ್ತು ತೋಟದ ನಡುವೆ ಸಾಗಿದರೆ ಹೊಳೆಹೊನ್ನೂರು. ಉತ್ತರಾದಿ ಮಠದ ಶ್ರೀ ಸತ್ಯಧರ್ಮತೀರ್ಥರ ಬೃಂದಾವನ ಇಲ್ಲಿದೆ. ಊರಿನ ಬಳಿ ಭದ್ರೆಯನ್ನು ದಾಟಿ ಬಲಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲಿ ಕೂಡಲಿ. ತುಂಗೆಯೂ ಭದ್ರೆಯೂ ಕೂಡಿ ತುಂಗಭದ್ರೆಯಾಗುವುದು ಇಲ್ಲಿಯೇ. ಹೊಯ್ಸಳರ ಕಾಲದ ರಾಮೇಶ್ವರ ದೇವಾಲಯ, ಚಿಂತಾಮಣಿ ನರಸಿಂಹನ ಗುಡಿ, ಪ್ರಾಚೀನ ಮಠಗಳು ಎಲ್ಲವೂ ಒಂದೇ ಕೂಗಳತೆಯಲ್ಲಿವೆ. ಹಿಂದಿರುಗುವಾಗ ಶಿವಮೊಗ್ಗದ ಮೇಲೆ ಬಂದರೆ ಒಂದು ಸುತ್ತು 60 ಕಿ.ಮೀ.ಗೆ ಸ್ವಲ್ಪ ಕಡಿಮೆ. ಬೆಳಗ್ಗೆ ಆರಕ್ಕೆ ಹೊರಟವರು ಊಟದ ಹೊತ್ತಿಗೆ ಮನೆ ಸೇರಬಹುದು. ಶಿವಮೊಗ್ಗ–ಭದ್ರಾವತಿ ಹೆದ್ದಾರಿಯಲ್ಲಿ ಮಾತ್ರ ಲಾರಿಗಳ ಭರಾಟೆ. ಅಲ್ಲಿ ಅಂಚು ಬಿಡಬಾರದು.

ಎರಡನೆಯ ದಾರಿ: ತುಂಗೆಯ ದಡದಲ್ಲಿ

ಶಿವಮೊಗ್ಗದಿಂದ ಸುಮಾರು 8 ಕಿ.ಮೀ. ದೂರದ ಮತ್ತೂರು ಮತ್ತು ಹೊಳೆಯ ಆಚೆ ದಡದ ಹೊಸಹಳ್ಳಿ ಅವಳಿ ಗ್ರಾಮಗಳು. 1980ರ ದಶಕದ ಆರಂಭದಲ್ಲಿ ಮತ್ತೂರಿನಲ್ಲಿ ಸಂಸ್ಕೃತ ಸಂಭಾಷಣೆಯ ಪ್ರಯತ್ನ ಆರಂಭವಾದ ಮೇಲೆ ಅದು ದೇಶಕ್ಕೆಲ್ಲ ಪರಿಚಿತವಾಯಿತು. ಹೊಸಹಳ್ಳಿ ಗಮಕದ ಊರು; ಇಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಆದರೆ ಈ ಎರಡೂ ಊರುಗಳು ಅಡಿಕೆ ಬೆಳೆಗಾರರ ಊರುಗಳು ಎಂಬುದನ್ನು ಪತ್ರಿಕೆಯವರು ಬರೆಯುವುದಿಲ್ಲ. ವಿದ್ಯೆಯನ್ನು ಸಾಕಿದ್ದು ತೋಟವೇ. ಇನ್ನೂ ಹುಮ್ಮಸ್ಸಿರುವವರು ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿನ ತುಂಗಾ ಅಣೆಕಟ್ಟೆ ನೋಡಿಕೊಂಡು ಸಕ್ರೆಬೈಲಿನ ಆನೆ ಬಿಡಾರದವರೆಗೆ ಹೋಗಬಹುದು. ಮಕ್ಕಳೊಂದಿಗೆ ಹೋಗುವವರು ಮತ್ತೂರಿನಿಂದಲೇ ಹಿಂದಿರುಗುವುದು ಒಳ್ಳೆಯದು.

ಮೂರನೆಯ ದಾರಿ: ಅಣೆಕಟ್ಟೆಯಿಂದ ಅಮೃತಾಪುರಕ್ಕೆ

ಇದು ಕಾಲು ಗಟ್ಟಿಯಿರುವವರಿಗೆ. ಭದ್ರಾವತಿಯಿಂದ ಹೊಳೆಯ ಮೇಲ್ಮುಖವಾಗಿ ಹೋದರೆ ಬಿ.ಆರ್. ಪ್ರಾಜೆಕ್ಟ್ ಮತ್ತು ಲಕ್ಕವಳ್ಳಿ. 1960ರ ದಶಕದಲ್ಲಿ ಪೂರ್ಣಗೊಂಡ ಭದ್ರಾ ಅಣೆಕಟ್ಟೆಯ ನೀರು ಲಕ್ಷ ಹೆಕ್ಟೇರಿಗೂ ಮೇಲ್ಪಟ್ಟು ಭೂಮಿಗೆ ಹರಿಯುತ್ತದೆ. ಭತ್ತಕ್ಕೆಂದು ಬಂದ ಆ ನೀರಿನಲ್ಲಿ ಇಂದು ಎಷ್ಟು ಗದ್ದೆ ತೋಟವಾಗಿದೆಯೆಂಬುದನ್ನು ಸೈಕಲ್ಲಿನ ಮೇಲಿಂದ ನೋಡಿದರೇ ತಿಳಿಯುತ್ತದೆ. ಅಲ್ಲಿಂದ ತರೀಕೆರೆಗೆ ಬಂದು, ಇನ್ನೂ ಹತ್ತು ಕಿ.ಮೀ.ಯಷ್ಟು ಸಾಗಿದರೆ ಅಮೃತಾಪುರ. ಎರಡನೆಯ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಮಂಟಪದ ಗೋಡೆಯಲ್ಲಿ ರಾಮಾಯಣ, ಭಾಗವತ, ಮಹಾಭಾರತದ 140 ಫಲಕಗಳಿವೆ. ಇಲ್ಲಿಯ ಶಿಲಾಶಾಸನದ ಪದ್ಯಗಳು ಕವಿ ಜನ್ನನವು. ಸುತ್ತ ತೆಂಗು ಮತ್ತು ಅಡಿಕೆ. ಗಲಾಟೆಯಿಲ್ಲದ ಊರು.

ಚಾನಲ್ ದಾರಿ

ಈ ಮೂರೂ ದಾರಿಗಳಲ್ಲಿ ಅಲ್ಲಲ್ಲಿ ಚಾನಲ್ ಏರಿಯ ರಸ್ತೆ ಸಿಗುತ್ತದೆ. ನೀರು ತಾನಾಗಿ ಹರಿಯಬೇಕಾದ್ದರಿಂದ ಚಾನಲ್ಲಿಗೆ ಕಡಿದಾದ ಏರಿಳಿತವಿಲ್ಲ. ಅದರ ಪಕ್ಕದ ದಾರಿಯೂ ಹಾಗೆಯೇ. ಫ್ರಾನ್ಸಿನಲ್ಲಿ 1681ರಲ್ಲಿ ಪೂರ್ಣಗೊಂಡ, 240 ಕಿ.ಮೀ. ಉದ್ದದ 'ಕನಾಲ್ ದ್ಯು ಮಿದಿ' ಎಂಬ ಕಾಲುವೆಯಿದೆ. ದೋಣಿಯನ್ನು ಎಳೆಯಲು ಕುದುರೆಗಳು ನಡೆದ ಅದರ ದಡದಲ್ಲಿ ಇಂದು ಸೈಕಲ್ ಪ್ರವಾಸಿಗಳು ಸಾಗುತ್ತಾರೆ; ದಡದ ಹಳ್ಳಿಗಳವರು ಅವರಿಗೆ ಊಟ, ವಸತಿ ಒದಗಿಸಿ ನಾಲ್ಕು ಕಾಸು ಕಾಣುತ್ತಾರೆ. ನಮ್ಮಲ್ಲಿ ಅಷ್ಟು ಆಗುತ್ತದೆಂದು ಹೇಳಲಾರೆ. ಆದರೂ ಒಂದು ಲೋಟ ಕಾಫಿ, ಎಳನೀರು, ಮನೆಯಲ್ಲೇ ಹುರಿದ ಕಾಫಿಪುಡಿಯ ಪೊಟ್ಟಣಕ್ಕೆ ಗಿರಾಕಿಯಿದ್ದಾರೆ. ಚಾನಲ್ ಏರಿಗೆ ತಡೆಗೋಡೆ ಇಲ್ಲದ ಕಡೆ, ಮಳೆಯಲ್ಲಿ ಮತ್ತು ಕತ್ತಲೆಯಲ್ಲಿ, ಯಾರೂ ಸಾಹಸ ಮಾಡಬಾರದು.

ವಿನಂತಿ

ಇನ್ನು ಮುಖ್ಯ ವಿಷಯ. ಸೈಕಲ್ಲಿಗೆ ಹಿತವಾದ ತಿಂಗಳುಗಳೇ ನಮ್ಮ ಕೊಯ್ಲಿನ ತಿಂಗಳುಗಳು. ಅದೇ ಕಾಲದಲ್ಲಿ ರಸ್ತೆಯ ಬದಿಯಲ್ಲಿ ಅಡಿಕೆ ಸಿಪ್ಪೆಯ ರಾಶಿ ಬೀಳುತ್ತದೆ. ಸುಲಿಯುವ ಯಂತ್ರ ಬಂದ ಮೇಲೆ ಒಂದೇ ಕಡೆ ಒಂದೇ ದಿನ ಬೀಳುವ ಸಿಪ್ಪೆ ಹೆಚ್ಚಾಗಿದೆ. ರಾತ್ರೋರಾತ್ರಿ ಟ್ರ್ಯಾಕ್ಟರಿನಲ್ಲಿ ತಂದು ಸುರಿಯುವುದು, ಒಣಗಿದ ಮೇಲೆ ಬೆಂಕಿ ಇಡುವುದು ರೂಢಿಯಾಗಿದೆ. ಈ ಬೆಂಕಿ ಉರಿಯುವುದಿಲ್ಲ, ದಿನಗಟ್ಟಲೆ ಹೊಗೆಯಾಡುತ್ತದೆ. ತಿರುವಿನಲ್ಲಿ ಹೊಗೆ ಕವಿದರೆ ಎದುರಿನ ವಾಹನ ಕಾಣದು. ಹಸಿ ಸಿಪ್ಪೆಯ ಮೇಲೆ ಚಕ್ರ ಹತ್ತಿದರೆ ಜಾರುತ್ತದೆ. ಭಾನುವಾರದ ಸವಾರನು ವಾರಕ್ಕೊಮ್ಮೆ ಬರುತ್ತಾನೆ; ನಮ್ಮ ಹಾಲಿನವರೂ ಶಾಲೆಯ ಮಕ್ಕಳೂ ದಿನವೂ ಇದೇ ಹೊಗೆಯಲ್ಲಿ ಹಾಯುತ್ತಾರೆ. ಬೀಳುವವನು ನಮ್ಮವನೇ ಆಗಿರಬಹುದು.

ಸಿಪ್ಪೆಯಲ್ಲಿ ನಾರು ಹೆಚ್ಚಾದ್ದರಿಂದ ಅದು ಬೇಗ ಕೊಳೆಯುವುದಿಲ್ಲವೆಂಬುದು ನಿಜ. ಆದರೆ ತೋಟದ ಮೂಲೆಯಲ್ಲಿ ನೆರಳಿರುವ ಕಡೆ ಗುಂಡಿ ಮಾಡಿ, ಸಿಪ್ಪೆ, ಹಸಿಸೊಪ್ಪು, ಸಗಣಿ ಬಗ್ಗಡ ಹೀಗೆ ಪದರ ಪದರವಾಗಿ ಹಾಕಿ ತೇವ ಆರದಂತೆ ನೋಡಿಕೊಂಡರೆ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಅಡಿಕೆ ತೋಟದ ಕಸದಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ವಿಟ್ಲದ ಸಂಶೋಧನಾ ಕೇಂದ್ರ ರೂಪಿಸಿಕೊಟ್ಟಿದೆ. ಹಣ ಕೊಟ್ಟು ತರುವ ಪೊಟ್ಯಾಷಿನ ಒಂದಂಶವನ್ನು ನಾವೇ ರಸ್ತೆಗೆ ಸುರಿದು ಸುಡುತ್ತಿದ್ದೇವೆ. ಚೇಣಿಗೆ ಕೊಡುವವರು ಸಿಪ್ಪೆಯನ್ನು ತೋಟಕ್ಕೇ ಹಿಂದಿರುಗಿಸಬೇಕೆಂಬ ಷರತ್ತನ್ನು ಮಾತಿನಲ್ಲೇ ಸೇರಿಸಿಕೊಳ್ಳಬೇಕು. ಹಾಗೆಯೇ ಡಾಂಬರು ರಸ್ತೆಯ ಮೇಲೆ ಒಕ್ಕಣೆ ಮಾಡುವುದನ್ನೂ ನಿಲ್ಲಿಸಬೇಕು.

ಎಂಟುನೂರು ವರ್ಷ ಹಿಂದಿನವರು ಕಟ್ಟಿದ ಗುಡಿಯನ್ನು ನೋಡಲು ಜನ ದೂರದಿಂದ ಬರುವಾಗ, ಅಲ್ಲಿಗೆ ಹೋಗುವ ದಾರಿಯನ್ನಾದರೂ ನಾವು ಚೊಕ್ಕಟವಾಗಿ ಇಟ್ಟುಕೊಳ್ಳೋಣ. ಈ ಕೊಯ್ಲಿನಿಂದಲೇ ಆರಂಭಿಸಲು ಸದಸ್ಯ ಬಾಂಧವರಲ್ಲಿ ಕೋರುತ್ತೇನೆ. ಅಟ್ಟದ ಮೇಲೆ ಹಳೆಯ ಸೈಕಲ್ಲಿದ್ದರೆ ಅದನ್ನೂ ಒಮ್ಮೆ ಇಳಿಸಿ ಎಣ್ಣೆ ಬಿಡಿ.