ಸೂರ್ಯನ ಮುನಿಸು

1859ರ ಸೆಪ್ಟೆಂಬರ್ 1ರಂದು, ಇಂಗ್ಲೆಂಡಿನ ರೆಡ್‌ಹಿಲ್ ಎಂಬಲ್ಲಿ, ರಿಚರ್ಡ್ ಕ್ಯಾರಿಂಗ್ಟನ್ ಎಂಬ ಖಗೋಳವಿಜ್ಞಾನಿಯು ದೂರದರ್ಶಕದಿಂದ ಬೀಳಿಸಿದ ಸೂರ್ಯಬಿಂಬವನ್ನು ನೋಡುತ್ತ ಅದರ ಕಲೆಗಳ ಚಿತ್ರವನ್ನು ಬರೆದುಕೊಳ್ಳುತ್ತಿದ್ದನು. ಒಮ್ಮೆಲೇ ಕಲೆಗಳ ನಡುವೆ ಕಣ್ಣು ಕೋರೈಸುವ ಎರಡು ಬೆಳ್ಬೆಳಕುಗಳು ಹೊಳೆದು, ಐದಾರು ನಿಮಿಷಗಳಲ್ಲಿ ಅಡಗಿದವು.

ಸುಮಾರು ಹದಿನೇಳೂವರೆ ಗಂಟೆಗಳ ತರುವಾಯ ಭೂಮಿಯ ಮೇಲಿನ ಕಾಂತಸೂಚಿಗಳು ಹುಚ್ಚೆದ್ದು ಕುಣಿದವು. ಧ್ರುವ ಪ್ರದೇಶಗಳಿಗೆ ಮೀಸಲಾದ ಬಣ್ಣದ ಜ್ಯೋತಿಯು ಕ್ಯೂಬಾದ ಆಗಸದಲ್ಲಿಯೂ ಕಾಣಿಸಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಉಪಕರಣಗಳೂ ಆ ಕ್ಷೋಭೆಯನ್ನು ಅಳೆದವು. ವಿಜ್ಞಾನಿಗಳು ಇಂದಿಗೂ ಆ ದಾಖಲೆಯನ್ನು ಪರಿಶೀಲಿಸುತ್ತಾರೆ. ಅಮೆರಿಕದಲ್ಲಿ ಬಾಸ್ಟನ್ ಮತ್ತು ಪೋರ್ಟ್‌ಲೆಂಡ್ ನಗರಗಳ ತಂತಿ ಕಚೇರಿಯವರು ಬ್ಯಾಟರಿಗಳನ್ನು ಕಳಚಿಟ್ಟು, ತಂತಿಯಲ್ಲಿ ತಾನಾಗಿ ಹರಿದ ವಿದ್ಯುತ್ತಿನಿಂದಲೇ ಸುಮಾರು ಎರಡು ಗಂಟೆಗಳ ಕಾಲ ಸುದ್ದಿ ಕಳುಹಿಸಿದರು!

ಇದರ ಮರ್ಮವೇನು? ಸೂರ್ಯನು ಕೆಲವೊಮ್ಮೆ ನೂರಾರು ಕೋಟಿ ಟನ್ ತೂಕದ ವಿದ್ಯುತ್ಕಣಗಳ ಮೋಡವನ್ನು ಅಂತರಿಕ್ಷಕ್ಕೆ ಉಗುಳುತ್ತಾನೆ. ಅದು ಭೂಮಿಯ ಕಾಂತಕ್ಷೇತ್ರಕ್ಕೆ ಅಪ್ಪಳಿಸಿದರೆ ಆ ಕ್ಷೇತ್ರವು ಅಲುಗಾಡುತ್ತದೆ. ಅಲುಗಾಡುವ ಕಾಂತಕ್ಷೇತ್ರವು ನೆಲದಲ್ಲಿಯೂ ಉದ್ದನೆಯ ತಂತಿಗಳಲ್ಲಿಯೂ ವಿದ್ಯುತ್ತನ್ನು ಹುಟ್ಟಿಸುತ್ತದೆ. ಈ ಕರೆಯದೆ ಬಂದ ವಿದ್ಯುತ್ತು ಟ್ರಾನ್ಸ್‌ಫಾರ್ಮರುಗಳನ್ನು ಹೊಕ್ಕು ಕಾಯಿಸುತ್ತದೆ. ಇಡೀ ಜಾಲವೇ ತಾಳತಪ್ಪುತ್ತದೆ.

1859ರಲ್ಲಿ ಕೆಟ್ಟದ್ದು ತಂತಿ ಸುದ್ದಿ ಮಾತ್ರ. 1989ರ ಮಾರ್ಚ್ 13ರಂದು ಬಂದ ಬಿರುಗಾಳಿ ಅದಕ್ಕಿಂತ ಚಿಕ್ಕದು. ಆದರೂ ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲವು ಸುಮಾರು ಒಂದೂವರೆ ನಿಮಿಷದಲ್ಲಿ ಕುಸಿದುಬಿತ್ತು. ಅರವತ್ತು ಲಕ್ಷ ಜನರು ಒಂಬತ್ತು ಗಂಟೆಗಳ ಕಾಲ ಚಳಿಯಲ್ಲಿ, ಕತ್ತಲೆಯಲ್ಲಿ ಕುಳಿತರು. 2022ರ ಫೆಬ್ರವರಿಯಲ್ಲಿ ಸಾಧಾರಣ ಬಿರುಗಾಳಿಯೊಂದು ಮೇಲಣ ವಾಯುಮಂಡಲವನ್ನು ಕಾಯಿಸಿ ಉಬ್ಬಿಸಿತು. ಆಗತಾನೆ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಆ ಗಾಳಿಯ ಎಳೆತಕ್ಕೆ ಸಿಕ್ಕಿ ನಾಶವಾದವು. ನಾಗರಿಕತೆ ಬೆಳೆದಂತೆಲ್ಲ ಸೂರ್ಯನ ಕೈಗೆ ಸಿಕ್ಕುವ ತಂತಿಗಳೂ ಬೆಳೆದಿವೆ.

ಬಿರುಗಾಳಿಯನ್ನು ತಡೆಯುವ ಶಕ್ತಿ ಮಾನವನಿಗಿಲ್ಲ. ಮುನ್ಸೂಚನೆಯೊಂದೇ ಅವನ ಗುರಾಣಿ. ಭಾರತವು 2023ರ ಸೆಪ್ಟೆಂಬರ್ 2ರಂದು ಹಾರಿಸಿದ ಆದಿತ್ಯ-ಎಲ್1 ನೌಕೆಯು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಸೂರ್ಯನನ್ನು ಕಾಯುತ್ತಿದೆ. ಅದರ ಮುಖ್ಯ ಉಪಕರಣವನ್ನು ರೂಪಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ.

ಸೂರ್ಯನ ಬೆಳಕು ಭೂಮಿಗೆ ಬರಲು ಸುಮಾರು ಎಂಟು ನಿಮಿಷ ಸಾಕು. ಕಣಗಳ ಮೋಡಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಆದರೆ ಅದರೊಳಗಿನ ಕಾಂತಕ್ಷೇತ್ರವು ಯಾವ ದಿಕ್ಕಿಗೆ ತಿರುಗಿದೆ, ಪೆಟ್ಟು ಎಷ್ಟು ಬಲವಾದೀತು ಎಂಬುದು ಖಚಿತವಾಗುವುದು ಮೋಡವು ಅಂಥ ನೌಕೆಗಳನ್ನು ಮುಟ್ಟಿದಾಗಲೇ. ಆಮೇಲೆ ಉಳಿಯುವುದು ಒಂದು ಗಂಟೆಯೋ, ಅದಕ್ಕಿಂತ ಕಡಮೆಯೋ. ವಿದ್ಯುತ್ ಜಾಲದ ಹೊರೆಯನ್ನು ಇಳಿಸಿಕೊಳ್ಳಲು ಆ ಅಲ್ಪಾವಧಿಯೇ ಗತಿ.