ಅಜ್ಜಿಯ ಕೈ, ಮೊಮ್ಮಕ್ಕಳ ಕಣ್ಣು: ಮನೆಯಲ್ಲೇ ಕ್ರಿಸ್ಮಸ್ ಸಿಂಗಾರ

ಡಿಸೆಂಬರ್ ಬಂತೆಂದರೆ ಕೋಲಾರ ಸೀಮೆಯಲ್ಲಿ ತಾತ, ಅಜ್ಜಿಯರು ಎಳೆಬಿಸಿಲು ಬೀಳುವ ಜಗುಲಿ ಹುಡುಕುತ್ತಾರೆ. ಮಕ್ಕಳು ಕ್ಯಾಲೆಂಡರಿನಲ್ಲಿ ರಜೆ ಹುಡುಕುತ್ತಾರೆ. ಅಂಗಡಿಗಳ ಮುಂದೆ ಪ್ಲಾಸ್ಟಿಕ್ ನಕ್ಷತ್ರ, ಥರ್ಮಾಕೋಲ್ ಗಂಟೆಗಳು ತೂಗಾಡತೊಡಗುತ್ತವೆ. ದುಡ್ಡು ಕೊಟ್ಟು ತಂದರೆ ಐದೇ ನಿಮಿಷದಲ್ಲಿ ಮನೆ ಸಿಂಗಾರ ಮುಗಿಯುತ್ತದೆ. ಆದರೆ ಆ ಐದು ನಿಮಿಷದಲ್ಲಿ ಮನೆಯ ಹಿರಿಯರಿಗೆ ಮಾಡಲು ಒಂದು ಕೆಲಸವೂ ಉಳಿಯುವುದಿಲ್ಲ.

ಈ ಜಿಲ್ಲೆಗೆ ಕ್ರಿಸ್ಮಸ್ ಹೊಸ ಹಬ್ಬವಲ್ಲ. ಕೋಲಾರದ ಜನ ಇ.ಟಿ.ಸಿ.ಎಂ. ಎಂದು ಕರೆಯುವ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು ಮೆಥೊಡಿಸ್ಟ್ ಮಿಷನ್ನಿನವರು ತೆರೆದದ್ದು 1910ರಲ್ಲಿ. ಕೆ.ಜಿ.ಎಫ್.ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಅಲ್ಲಿನ ಹಳೆಯ ಚರ್ಚುಗಳಲ್ಲಿ ಹಬ್ಬ ನಿಂತಿಲ್ಲ. ಹಬ್ಬ ಆಚರಿಸುವವರು ತಮ್ಮ ಮನೆಗೆ ಇವನ್ನು ಮಾಡಿಕೊಳ್ಳಲಿ. ಆಚರಿಸದವರು ಮಾಡಿ ಪಕ್ಕದ ಮನೆಗೆ ಕೊಟ್ಟು ಬರಲಿ. ಕೊಡುವುದೂ ಹಬ್ಬವೇ.

ಇಲ್ಲಿ ಹೇಳಿರುವ ನಾಲ್ಕು ಅಲಂಕಾರಗಳಿಗೆ ಬೇಕಾಗುವುದು ಪೊರಕೆ ಕಡ್ಡಿ, ಮಾವಿನ ಎಲೆ, ರಾಗಿ, ಜೇಡಿಮಣ್ಣು, ರೇಷ್ಮೆ ಗೂಡು. ಇವೆಲ್ಲ ಹಿರಿಯರ ಕೈಗೆ ಎಷ್ಟೋ ವರ್ಷಗಳ ಪರಿಚಯ. ಕಣ್ಣು ಮಂಜಾಗಿದ್ದರೂ ರಾಗಿಯನ್ನು ಎಷ್ಟು ಒತ್ತಾಗಿ ಚೆಲ್ಲಬೇಕೆಂದು ಬೆರಳಿಗೆ ಗೊತ್ತು. ನಿನ್ನೆ ನಡೆದದ್ದನ್ನು ಮರೆಯುವ ಹಿರಿಯರಲ್ಲೂ ಕೈಗೆ ರೂಢಿಯಾದ ಕೆಲಸ ಬಹುಕಾಲ ಉಳಿದಿರುವುದುಂಟು.

ಮಕ್ಕಳೇ, ಶುರು ಮಾಡುವ ಮುನ್ನ ನಿಮಗೊಂದು ನಿಯಮ. ಗಂಟು ಹಾಕುವಾಗ ಅಜ್ಜಿಯ ಬೆರಳು ತಡವರಿಸಿದರೆ ‘ಕೊಡಜ್ಜಿ, ನಾನೇ ಮಾಡ್ತೀನಿ’ ಎಂದು ಕಿತ್ತುಕೊಳ್ಳಬೇಡಿ. ಸೂಜಿಗೆ ದಾರ ಪೋಣಿಸುವುದು, ಅಳತೆ ಗುರುತು ಹಾಕುವುದು, ಕೆಳಗೆ ಬಿದ್ದದ್ದನ್ನು ಎತ್ತಿಕೊಡುವುದು ನಿಮ್ಮ ಪಾಲು. ಕಟ್ಟುವುದು, ಮಡಿಸುವುದು, ನಾದುವುದು, ಬಿತ್ತುವುದು ಅವರ ಪಾಲು. ನಿಧಾನವಾದರೆ ಆಗಲಿ, ಹಬ್ಬಕ್ಕೆ ಇನ್ನೂ ದಿನಗಳಿವೆ.

ಮೂಡಲ ಬಾಗಿಲ ನಕ್ಷತ್ರ

ಮುಳಬಾಗಿಲು ಎಂಬ ಹೆಸರು ಬಂದದ್ದು ‘ಮೂಡಲ ಬಾಗಿಲು’ ಎಂಬುದರಿಂದ, ಅಂದರೆ ಪೂರ್ವದ ಬಾಗಿಲು. ಕ್ರಿಸ್ಮಸ್ ಕಥೆಯಲ್ಲೂ ಮೂಡಲ ಸೀಮೆಯ ಜ್ಞಾನಿಗಳು ನಕ್ಷತ್ರವೊಂದನ್ನು ಕಂಡು ಬೆತ್ಲೆಹೇಮಿಗೆ ಹೊರಡುತ್ತಾರೆ. ಹಾಗಾಗಿ ಬಾಗಿಲಿಗೆ ಮೊದಲು ನಕ್ಷತ್ರ.

ತೆಂಗಿನ ಗರಿಯ 15 ಪೊರಕೆ ಕಡ್ಡಿಗಳನ್ನು 30 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಮೂರು ಮೂರನ್ನು ಸೇರಿಸಿ ದಾರ ಸುತ್ತಿದರೆ ಐದು ಗಟ್ಟಿ ಕಡ್ಡಿಗಳಾಗುತ್ತವೆ. ಪ್ರತಿ ಕಡ್ಡಿಯ ಎರಡೂ ತುದಿಯಿಂದ 11.5 ಸೆಂಟಿಮೀಟರಿಗೆ ಒಂದೊಂದು ಗುರುತು ಹಾಕಿ. ಈಗ ಅಜ್ಜಿ ನೆಲದ ಮೇಲೆ ಐದು ಚುಕ್ಕೆ ಇಟ್ಟು, ಕೈ ಎತ್ತದೆ ನಕ್ಷತ್ರದ ರಂಗೋಲಿ ಎಳೆಯಲಿ. ಅದರ ಗೆರೆಗಳ ಮೇಲೆ ಕಡ್ಡಿಗಳನ್ನು ಜೋಡಿಸಿ. ಗುರುತುಗಳು ಒಂದರ ಮೇಲೊಂದು ಕೂತರೆ ನಕ್ಷತ್ರ ಸರಿಯಾಯಿತೆಂದು ಅರ್ಥ. ತುದಿಗಳಲ್ಲಿ ಐದು, ಕಡ್ಡಿಗಳು ಹಾಯುವಲ್ಲಿ ಐದು, ಒಟ್ಟು ಹತ್ತು ಗಂಟು. ಮೇಲೆ ಗಾಳಿಪಟದ ಬಣ್ಣದ ಕಾಗದ ಅಂಟಿಸಿ. ಬೆಳಕು ಬೇಕೆಂದರೆ ಬ್ಯಾಟರಿಯ ಪುಟ್ಟ ಬಲ್ಬು ಮಾತ್ರ ಸಾಕು. ಕಾಗದದ ಹತ್ತಿರ ಮೇಣದಬತ್ತಿ ಬೇಡವೇ ಬೇಡ.

11.5 ಏಕೆ? 20 ಸೆಂಟಿಮೀಟರ್ ಕಡ್ಡಿಯಲ್ಲಿ ಮಾಡಿದರೆ ಗುರುತು ಸುಮಾರು 7.6ಕ್ಕೆ ಬರುತ್ತದೆ. ಎರಡನ್ನೂ ಭಾಗಿಸಿ ನೋಡಿ, ಒಂದೇ ಲೆಕ್ಕ ಸಿಗುತ್ತದೆ. ಜರ್ಮನಿಯ ನೀಸ್ಕಿ ಎಂಬ ಊರಿನ ಮೊರೇವಿಯನ್ ಶಾಲೆಯಲ್ಲಿ 19ನೇ ಶತಮಾನದಲ್ಲಿ ಮಕ್ಕಳು ರೇಖಾಗಣಿತ ಕಲಿಯಲೆಂದೇ ಕಾಗದದ ನಕ್ಷತ್ರ ಮಾಡುತ್ತಿದ್ದರು. ಆ ನಕ್ಷತ್ರ ಇಂದು ಹಲವು ದೇಶಗಳ ಮನೆಗಳಲ್ಲಿ ತೂಗುತ್ತದೆ.

ಮಾವಿನ ಎಲೆಯ ಹಸಿರು ಬಳೆ

ಶ್ರೀನಿವಾಸಪುರದ ಹಿರಿಯರಿಗೆ ಮಾವಿನ ಎಲೆ ಮಡಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಯುಗಾದಿಗೆ ತೋರಣ ಕಟ್ಟುವ ಅದೇ ಮಡಿಕೆ ಇಲ್ಲಿ ಬಳೆಯಾಗುತ್ತದೆ. ದಪ್ಪ ತಂತಿಯನ್ನು ಊಟದ ತಟ್ಟೆಯಗಲ ಬಗ್ಗಿಸಿ, ಹಳೆಯ ಸೀರೆಯ ಪಟ್ಟಿಯನ್ನು ಅದರ ಸುತ್ತ ದಪ್ಪಗೆ ಸುತ್ತಿ. ಎಲೆಯ ತುದಿಯನ್ನು ತೊಟ್ಟಿಗೆ ಮಡಿಸಿ, ಪೊರಕೆ ಕಡ್ಡಿಯ ಚೂರಿನಿಂದ ಬಟ್ಟೆಗೆ ಚುಚ್ಚಿ. ಒಂದರ ಬುಡವನ್ನು ಇನ್ನೊಂದು ಮುಚ್ಚುವಂತೆ 40 ಎಲೆ ಜೋಡಿಸಿದರೆ ಬಳೆ ತುಂಬುತ್ತದೆ. ಕೆಳಗೆ ಕೆಂಪು ಬಟ್ಟೆಯ ಒಂದು ಗಂಟು. ಎಲೆ ಬೇಗ ಬಾಡುವುದರಿಂದ ಇದನ್ನು 23ನೇ ತಾರೀಕಿನ ನಂತರ ಮಾಡಿ.

ಒಂದು ಎಚ್ಚರ. ಡಿಸೆಂಬರಿನಲ್ಲಿ ಮಾವಿನ ಮರ ಹೂವಿಗೆ ಸಿದ್ಧವಾಗುತ್ತಿರುತ್ತದೆ. ಕೊಂಬೆಯ ತುದಿ ಮುರಿದರೆ ಬೇಸಿಗೆಯ ಹಣ್ಣನ್ನೇ ಮುರಿದಂತೆ. ಕೆಳಗಿನ ಬಲಿತ ಎಲೆಗಳನ್ನು ಒಂದೊಂದಾಗಿ ಕಿತ್ತುಕೊಳ್ಳಿ. ಯಾವ ಎಲೆ ಕೀಳಬಹುದು ಎಂದು ತಾತನನ್ನೇ ಕೇಳಿ.

ಕ್ರಿಸ್ಮಸ್‌ಗೆ ಮುಂಚಿನ ವಾರಗಳನ್ನು ಎಣಿಸಲೂ ಇಂಥ ಹಸಿರು ಬಳೆ ಮಾಡುತ್ತಾರೆ. ಅದರ ಕಥೆ 1839ರದ್ದು. ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ವಿಚರ್ನ್, ‘ಹಬ್ಬ ಯಾವಾಗ?’ ಎಂದು ದಿನವೂ ಕೇಳುವ ಮಕ್ಕಳಿಗಾಗಿ ಗಾಡಿಯ ಚಕ್ರದ ಮೇಲೆ ಮೇಣದಬತ್ತಿಗಳನ್ನು ಜೋಡಿಸಿ, ದಿನಕ್ಕೊಂದು ಹಚ್ಚುತ್ತಿದ್ದರಂತೆ.

ರಾಗಿ ಪೈರಿನ ಗೋದಲಿ

ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರ ಕ್ರಿಸ್ಮಸ್ ರಾತ್ರಿ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿ, ಎತ್ತು, ಕತ್ತೆಗಳನ್ನಿಟ್ಟು ಯೇಸುವಿನ ಹುಟ್ಟಿನ ದೃಶ್ಯ ತೋರಿಸಿದರು. ದನದ ಕೊಟ್ಟಿಗೆಯಲ್ಲಿ ನಡೆಯುವ ಕಥೆಯನ್ನು ನಮ್ಮ ಹಳ್ಳಿಯ ಹಿರಿಯರಿಗೆ ವಿವರಿಸಬೇಕೇ?

ಹೆಂಚು, ಇಟ್ಟಿಗೆಗೆ ಹೆಸರಾದ ಮಾಲೂರಿನ ಕಡೆ ಒಡೆದ ಹೆಂಚಿಗೆ ಬರವಿಲ್ಲ. ಅಂಚು ಚೂಪಾಗಿಲ್ಲದ ಎರಡು ಹೆಂಚನ್ನು ಒಂದಕ್ಕೊಂದು ಒರಗಿಸಿ, ಅಲುಗದಂತೆ ಬುಡಕ್ಕೆ ಜೇಡಿಮಣ್ಣು ಮೆತ್ತಿದರೆ ಕೊಟ್ಟಿಗೆ ಸಿದ್ಧ. ಮುದ್ದೆ ಹಿಟ್ಟಿನ ಹದಕ್ಕೆ ಮಣ್ಣು ನಾದಿ, ಹೆಬ್ಬೆರಳಿನಷ್ಟು ಹಸು, ಕುರಿ, ಕತ್ತೆ ಮಾಡಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಿರಿಯುತ್ತವೆ. ಗಟ್ಟಿ ಕಂದು ಕಾಗದವನ್ನು ಮುದುರಿ, ಅಂಟು ಸವರಿ, ಮಣ್ಣು ಉದುರಿಸಿದರೆ ಹಿಂದಕ್ಕೊಂದು ಪುಟ್ಟ ಅಂತರಗಂಗೆ ಬೆಟ್ಟ.

ಕೊಟ್ಟಿಗೆಯ ಮುಂದಿನ ಹಸಿರಿಗೆ ರಾಗಿ. ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಸಿ. ಅಗಲ ತಟ್ಟೆಯಲ್ಲಿ ಎರಡು ಬೆರಳಿನಷ್ಟು ಜರಡಿ ಹಿಡಿದ ಮಣ್ಣು ಹರಡಿ, ಮೇಲೆ ಒತ್ತಾಗಿ ರಾಗಿ ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚಿ. ಬೆಳಿಗ್ಗೆ, ಸಂಜೆ ಕೈಯಿಂದಲೇ ನೀರು ಚಿಮುಕಿಸಿ. ಚಳಿಗೆ ಪೈರು ನಿಧಾನವಾಗಿ ಏಳುವುದರಿಂದ ಡಿಸೆಂಬರ್ 12ರ ಹೊತ್ತಿಗೆ ಬಿತ್ತಿಬಿಡಿ. ಹಬ್ಬಕ್ಕೆ ಎಳೆ ಹಸಿರು ಹಾಸು ಎದ್ದಿರುತ್ತದೆ. ಮಕ್ಕಳೇ, ದಿನವೂ ಎತ್ತರ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನೀರು ಸಾಕೋ ಬೇಕೋ ಎಂದು ಮಣ್ಣು ಮುಟ್ಟಿ ತಾತ ಹೇಳಲಿ.

ರೇಷ್ಮೆ ಗೂಡಿನ ಗಂಟೆ

ಕೋಲಾರ ಜಿಲ್ಲೆ ರೇಷ್ಮೆಯ ಸೀಮೆ. ಒಂದು ಪುಟ್ಟ ಗೂಡಿನಲ್ಲಿ ನೂರಾರು ಮೀಟರ್ ಉದ್ದದ ಒಂದೇ ಎಳೆ ಸುತ್ತಿಕೊಂಡಿರುತ್ತದೆ. ಚಿಟ್ಟೆ ಹೊರಬಂದಾಗ ಗೂಡು ತೂತಾಗಿ, ಎಳೆ ಬಿಚ್ಚಲು ಬಾರದಂತಾಗುತ್ತದೆ. ನೂಲಿಗೆ ಸಲ್ಲದ ಆ ಖಾಲಿ ಗೂಡೇ ನಮಗೆ ಬೇಕಾದದ್ದು. ಒಳಗೆ ಹುಳು ಉಳಿದ ಗೂಡು ಬೇಡ, ವಾಸನೆ ಬರುತ್ತದೆ.

ಒಂದು ದಿನ ಬಿಸಿಲಿನಲ್ಲಿಟ್ಟ ಗೂಡಿನ ತೂತಾದ ತುದಿಯನ್ನು ಕತ್ತರಿಯಿಂದ ತೆಗೆಯಿರಿ. ಗೂಡು ಗಟ್ಟಿ, ಆದ್ದರಿಂದ ಕತ್ತರಿ ಅಪ್ಪ ಅಥವಾ ಅಮ್ಮನ ಕೈಯಲ್ಲಿರಲಿ. ಅಂಚಿಗೆ ನಾಲ್ಕು ಸೀಳು ಕೊಟ್ಟು ಹೊರಕ್ಕೆ ಮಡಿಸಿದರೆ ಗಂಟೆಯ ಬಾಯಿ. ದಾರದ ತುದಿಗೆ ಮಣಿ ಕಟ್ಟಿ, ಒಳಗಿನಿಂದ ಮೇಲಕ್ಕೆ ಸೂಜಿ ಎಳೆದರೆ ಗಂಟೆಗೆ ನಾಲಗೆ ಬಂತು. ಬಣ್ಣ ಹಚ್ಚಬೇಕಿಲ್ಲ. ಮಿಶ್ರತಳಿಯ ಹಳದಿ ಗೂಡು, ದ್ವಿತಳಿಯ ಬಿಳಿ ಗೂಡು ಎರಡನ್ನೂ ಬೆರೆಸಿ ಮಾಲೆ ಮಾಡಿ. ಹುಳು ಸಾಕಿದ ಅಜ್ಜಿಯಾದರೆ ಗೂಡು ಮುಟ್ಟಿಯೇ ಅದು ಎಂಥ ಬೆಳೆಯೆಂದು ಹೇಳುತ್ತಾರೆ. ಕೇಳಿ ನೋಡಿ.

ಬೆರಳಿಗೆ ನೋವಾಗದಂತೆ

ತಾತ, ಅಜ್ಜಿಯರೇ, ಬೆಳಗಿನ ಬೆಳಕಿನಲ್ಲಿ, ಬೆನ್ನಿಗೆ ಒರಗು ಇರುವ ಕಡೆ ಕೂತುಕೊಳ್ಳಿ. ಬೆರಳ ಗೆಣ್ಣು ಬಿಗಿದಿದ್ದರೆ ಮೊದಲು ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಡಿ. ದೊಡ್ಡ ಕಣ್ಣಿನ ಗೋಣಿ ಸೂಜಿ, ದಪ್ಪ ದಾರ ಬಳಸಿ. ಅಂಟಿಸಿದ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿಯುವ ಬದಲು ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ. ಅಂಟಿಗೆ ಎರಡು ಚಮಚ ಮೈದಾ ಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಕಾಯಿಸಿದರೆ ಸಾಕು. ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಬಿಟ್ಟು ಕೂರಿ. ಒಂದು ನಕ್ಷತ್ರಕ್ಕೆ ಮೂರು ದಿನ ಹಿಡಿದರೂ ಯಾರೂ ಕೇಳುವವರಿಲ್ಲ.

ಹಬ್ಬ ಮುಗಿದ ಮೇಲೆ ರಾಗಿ ಪೈರು ಹಸುವಿಗೋ ಮೇಕೆಗೋ ಹೋಗಲಿ, ಮಾವಿನ ಎಲೆ ಗೊಬ್ಬರದ ಗುಂಡಿಗೆ. ನಕ್ಷತ್ರದ ಕಡ್ಡಿ, ಗೂಡಿನ ಗಂಟೆಗಳನ್ನು ಅಟ್ಟದ ಮೇಲೆ ಜೋಪಾನ ಮಾಡಿ, ಮುಂದಿನ ವರ್ಷ ಕಾಗದ ಮಾತ್ರ ಬದಲಾಯಿಸಿದರಾಯಿತು. ಎತ್ತಿಡುವ ಮುನ್ನ ಒಂದು ಚೀಟಿಯಲ್ಲಿ ಇಸವಿ ಬರೆದು, ಗಂಟು ಹಾಕಿದವರ ಹೆಸರು ಮೊದಲು, ದಾರ ಪೋಣಿಸಿದವರ ಹೆಸರು ಆಮೇಲೆ ಬರೆದು ಕಡ್ಡಿಗೆ ಕಟ್ಟಿಡಿ.