ಕೋಟೆ ಯಾರ ಹೆಸರಿನಲ್ಲಿದೆ? ಅನುದಾನ ಕೇಳುವ ಮೊದಲು ನೋಡಬೇಕಾದದ್ದು

ಕಾಸರಗೋಡಿನ ಹಳೆಯ ಕೋಟೆಗಳನ್ನು ದುರಸ್ತಿ ಮಾಡಿಸಬೇಕು, ಹತ್ತಿರದಲ್ಲಿ ಸಂಜೆ ಹೊತ್ತು ಕೂರುವುದಕ್ಕೆ, ಮಕ್ಕಳ ಆಟಕ್ಕೆ, ವರ್ಷಕ್ಕೊಂದು ಬಯಲಾಟಕ್ಕೆ ಜಾಗ ಆಗಬೇಕು ಎಂಬ ಮಾತು ಗಡಿನಾಡಿನ ಕನ್ನಡಿಗರ ಸಭೆಗಳಲ್ಲಿ ಹೊಸದಲ್ಲ. ಮನವಿ ಬರೆಯುವುದು ಕಷ್ಟವೂ ಅಲ್ಲ. ಆದರೆ ಅದನ್ನು ಯಾವ ಕಛೇರಿಗೆ ಕೊಡಬೇಕು ಎಂಬಲ್ಲಿಯೇ ಬಹಳಷ್ಟು ಮನವಿಗಳು ದಾರಿ ತಪ್ಪುತ್ತವೆ.

ಬೇಕಲದ ಕೋಟೆಯನ್ನು ಹಿರಿಯ ವೆಂಕಟಪ್ಪ ನಾಯಕನ ಕಾಲದಲ್ಲಿ ಆರಂಭಿಸಿ 1650ರ ಹೊತ್ತಿಗೆ ಶಿವಪ್ಪ ನಾಯಕ ಪೂರೈಸಿದನೆಂದು ಹೇಳುತ್ತಾರೆ. ಚಂದ್ರಗಿರಿಯ ಕೋಟೆಯೂ ಅದೇ 17ನೇ ಶತಮಾನದ್ದು, ಅದೇ ಇಕ್ಕೇರಿ ನಾಯಕರದ್ದು. ಕಟ್ಟಿಸಿದ ಮನೆತನ ಒಂದೇ ಆದರೂ ಇಂದು ಒಡೆಯರು ಬೇರೆ ಬೇರೆ. ಬೇಕಲ ಕೇಂದ್ರ ಸರಕಾರದ ಪುರಾತತ್ವ ಸರ್ವೇಕ್ಷಣ ಇಲಾಖೆಯದ್ದು. ಚಂದ್ರಗಿರಿ ಕೇರಳ ಸರಕಾರದ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಕಾಸರಗೋಡು ಪೇಟೆಯೊಳಗಿನ ಕೋಟೆಯ ಜಾಗದ ಒಡೆತನವಂತೂ ವ್ಯಾಜ್ಯವಾಗಿ ವಿಜಿಲೆನ್ಸ್ ತನಿಖೆಯವರೆಗೂ ಹೋಯಿತು.

ಈ ವ್ಯತ್ಯಾಸದ ಮೂಲ ಸಂವಿಧಾನದಲ್ಲೇ ಇದೆ. ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಿದ ಸ್ಮಾರಕಗಳು ಕೇಂದ್ರಪಟ್ಟಿಗೆ ಸೇರಿದರೆ, ಉಳಿದವು ರಾಜ್ಯಪಟ್ಟಿಗೆ ಸೇರುತ್ತವೆ. ಬೇಕಲಕ್ಕೆ 1958ರ ಕೇಂದ್ರ ಕಾಯ್ದೆ ಅನ್ವಯ. 2010ರ ತಿದ್ದುಪಡಿಯ ನಂತರ ಸಂರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಹಾಗಾಗಿ ಪಂಚಾಯತಿನವರು ಮನಸ್ಸು ಮಾಡಿದರೂ ಕೋಟೆಯ ಬುಡದಲ್ಲಿ ತಮಗೆ ಬೇಕಾದ ಹೊಸ ಕಟ್ಟಡ ಕಟ್ಟುವುದಕ್ಕಾಗದು. ಬೇಕಲದ ಗೋಡೆ ಕುಸಿದಿದೆ ಎಂದು ತಿರುವನಂತಪುರಕ್ಕೆ ಬರೆದರೆ ಆ ಕಾಗದ ಸುತ್ತಾಡೀತೇ ಹೊರತು ಹಣ ಬಾರದು. ಆದರೆ ಕೋಟೆಯ ಹೊರಗಿನ ಪ್ರವಾಸೋದ್ಯಮ ರಾಜ್ಯದ್ದೇ. ಬೇಕಲ ರಿಸಾರ್ಟ್ಸ್ ಅಭಿವೃದ್ಧಿ ನಿಗಮವನ್ನು 1995ರಲ್ಲಿ ಸ್ಥಾಪಿಸಿದ್ದು ಅದಕ್ಕಾಗಿಯೇ. ಪಳ್ಳಿಕ್ಕರೆಯ ಕಡಲ ತೀರದಲ್ಲಿ ಜನ ಸೇರುವ ಉತ್ಸವಗಳೂ ಈ ಹೊರವಲಯದಲ್ಲೇ ನಡೆಯುತ್ತವೆ.

ರಾಜ್ಯದ ಹಣ ನೇರವಾಗಿ ಗೋಡೆಗೇ ಬರಬಹುದಾದ ಕೋಟೆ ಚಂದ್ರಗಿರಿ. ಪೇಟೆಯಿಂದ ದಕ್ಷಿಣಕ್ಕೆ ಸೇತುವೆ ದಾಟಿದರೆ ಚೆಮ್ಮನಾಡು ಪಂಚಾಯತು. ಅಲ್ಲಿನ ಗುಡ್ಡದ ಮೇಲೆ ನಿಂತರೆ ಒಂದು ಕಡೆ ಪಯಸ್ವಿನಿ, ಇನ್ನೊಂದು ಕಡೆ ಕಡಲು. ತುಳುನಾಡಿನ ತೆಂಕಣ ಗಡಿಯೆಂದು ಹಿಂದಿನವರು ಹೇಳುತ್ತಿದ್ದ ಹೊಳೆ ಇದೇ. ಇಲ್ಲಿಗೆ 1968ರ ಕೇರಳ ಪುರಾತನ ಸ್ಮಾರಕಗಳ ಕಾಯ್ದೆ ಅನ್ವಯಿಸುವುದರಿಂದ ಗೋಡೆಯ ದುರಸ್ತಿಯ ಮನವಿ ರಾಜ್ಯ ಪುರಾತತ್ವ ಇಲಾಖೆಯ ನಿರ್ದೇಶಕರಿಗೆ ಹೋಗಬೇಕು.

ಮನವಿಯಲ್ಲಿ ಬರೇ 'ಜೀರ್ಣೋದ್ಧಾರ ಮಾಡಿ' ಎಂದರೆ ಸಾಲದು. ನಮ್ಮ ಕೋಟೆಗಳೆಲ್ಲ ಕೆಂಪುಕಲ್ಲಿನವು, ಸಾವಿರ ತೂತಿನ ಕಲ್ಲು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಆ ಉಸಿರಾಟಕ್ಕೆ ಅಡ್ಡಬರುವುದಿಲ್ಲ. ಸಿಮೆಂಟು ಬಳಿದರೆ ನೀರು ಒಳಗೇ ನಿಂತು ಸಿಮೆಂಟಿನ ಹಿಂದಿನ ಕಲ್ಲು ಪುಡಿಯಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಗೋಡೆ ಹೊಸದಾಗಿಯೇ ಕಾಣುತ್ತದೆ, ಅದೇ ಅಪಾಯ. ಇನ್ನೊಂದು ಶತ್ರು ಆಲ ಮತ್ತು ಅಶ್ವತ್ಥದ ಸಸಿಗಳು. ಹಕ್ಕಿ ಹಾಕಿದ ಬೀಜ ಕಲ್ಲಿನ ಸಂದಿನಲ್ಲಿ ಮೊಳೆತು ಬೇರು ಬಿಡುತ್ತದೆ. ಗೆಲ್ಲು ಮಾತ್ರ ಕಡಿದರೆ ಮತ್ತೆ ಚಿಗುರುತ್ತದೆ, ಬಲಿತ ಬೇರನ್ನು ಎಳೆದು ಕಿತ್ತರೆ ಗೋಡೆಯೇ ಜೊತೆಗೆ ಬರುತ್ತದೆ. ಸಸಿ ಎಳೆಯದಿರುವಾಗಲೇ ತೆಗೆಯಬೇಕು. ಎಂದರೆ ಹತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಮೊತ್ತಕ್ಕಿಂತ ಪ್ರತಿ ವರ್ಷ ಮಳೆಗಾಲದ ಮೊದಲು ಮತ್ತು ನಂತರ ಸಿಗುವ ಸಣ್ಣ ಮೊತ್ತವೇ ಕೋಟೆಗೆ ಹೆಚ್ಚು ಉಪಕಾರಿ. ದೊಡ್ಡ ಮೊತ್ತಕ್ಕೆ ಶಿಲಾಫಲಕ ಸಿಗುತ್ತದೆ, ಹುಲ್ಲು ಕೀಳುವುದಕ್ಕೆ ಸಿಗುವುದಿಲ್ಲ; ಬಹುಶಃ ತೊಂದರೆ ಇರುವುದು ಅಲ್ಲಿಯೇ!

ಆಟದ ಜಾಗ, ಬೆಂಚು, ದೀಪ, ಬಯಲು ರಂಗಮಂದಿರ ಇವುಗಳ ಹಣದ ದಾರಿ ಬೇರೆ. ಇವನ್ನು ಕೋಟೆಯ ಗೋಡೆಯ ಹೊರಗೆ ಕೇಳುವುದೇ ಸರಿ, ಒಳಗೆ ಕೇಳಿದರೆ ಎರಡು ಕೆಲಸವೂ ನಿಲ್ಲುತ್ತದೆ. ಪಂಚಾಯತು, ನಗರಸಭೆಗಳಿಗೆ ರಾಜ್ಯದಿಂದ ಬರುವ ಹಣದಲ್ಲಿ ನಿರ್ವಹಣಾ ನಿಧಿಯನ್ನು ಅವುಗಳ ಆಸ್ತಿ ರಿಜಿಸ್ಟರಿನಲ್ಲಿರುವ ಆಸ್ತಿಗಳಿಗಷ್ಟೇ ಖರ್ಚು ಮಾಡಬಹುದು. ಹೊಸ ಸೌಕರ್ಯಕ್ಕಾದರೆ ಯೋಜನಾ ನಿಧಿ. ಅದಕ್ಕೆ ಗ್ರಾಮಸಭೆಯಲ್ಲೋ ವಾರ್ಡುಸಭೆಯಲ್ಲೋ ವಿಷಯ ದಾಖಲಾಗಿ, ಜಿಲ್ಲಾ ಯೋಜನಾ ಸಮಿತಿಯ ಅಂಗೀಕಾರ ಸಿಗಬೇಕು. ಸಭೆಗೆ ಹೋಗದೆ ನಂತರ ಮನವಿ ಹಿಡಿದು ಓಡಾಡಿದರೆ ಆ ವರ್ಷ ಕಳೆದಂತೆಯೇ. ಕೇರಳ ಪ್ರವಾಸೋದ್ಯಮ ಇಲಾಖೆಯ 'ಡೆಸ್ಟಿನೇಷನ್ ಚಾಲೆಂಜ್' ಯೋಜನೆ ರೂಪುಗೊಂಡದ್ದು ಇಲಾಖೆ 60, ಸ್ಥಳೀಯ ಸಂಸ್ಥೆ 40 ಎಂಬ ಪಾಲಿನಲ್ಲಿ. ಶಾಸಕರ ನಿಧಿ, ಪಿ. ಪ್ರಭಾಕರನ್ ಆಯೋಗದ ವರದಿಯಿಂದ ಬಂದ ಕಾಸರಗೋಡು ಅಭಿವೃದ್ಧಿ ಪ್ಯಾಕೇಜು ಇವೂ ಕೇಳಬಹುದಾದ ಬಾಗಿಲುಗಳು.

ಕರ್ನಾಟಕದಿಂದ ಸಿಗದೇ ಎಂದು ಕೆಲವರಾದರೂ ಕೇಳುತ್ತಾರೆ. 2010ರಲ್ಲಿ ರಚನೆಯಾದ ಕರ್ನಾಟಕ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರ ಹೊರನಾಡಿನ ಕನ್ನಡ ಸಂಸ್ಥೆಗಳಿಗೂ ನೆರವು ನೀಡುತ್ತದೆ. ಆದರೆ ಕೇರಳದ ಸಂರಕ್ಷಿತ ಸ್ಮಾರಕದ ಗೋಡೆಗೆ ಬೇರೆ ರಾಜ್ಯದ ಪ್ರಾಧಿಕಾರ ಕೈಹಚ್ಚಲಾಗದು. ಮಂಜೇಶ್ವರದ 'ಗಿಳಿವಿಂಡು', ಅಂದರೆ ರಾಷ್ಟ್ರಕವಿ ಗೋವಿಂದ ಪೈಗಳ ಮನೆಯಲ್ಲಿ ಎದ್ದ ಸ್ಮಾರಕ, ಎರಡೂ ಸರಕಾರಗಳು ಕೈಜೋಡಿಸಿದ ಕೆಲಸ. ಅಲ್ಲಿ ಉದ್ದೇಶ ಒಬ್ಬ ಕವಿಯ ಸ್ಮಾರಕವಾಗಿತ್ತು, ಅದರ ಹೊಣೆ ಹೊರಲು ಒಂದು ವ್ಯವಸ್ಥೆಯೂ ಇತ್ತು. ಕೋಟೆಗೆ ಅಂಥದ್ದಿಲ್ಲ.

ಆದ್ದರಿಂದ ಮೊದಲ ಕೆಲಸ ವಿಲೇಜ್ ಆಫೀಸಿನಲ್ಲಿ. ನಿಮ್ಮ ಊರಿನ ಕೋಟೆ ಆರಿಕ್ಕಾಡಿಯದ್ದಿರಲಿ, ಪೊವ್ವಲಿನದ್ದಿರಲಿ, ಹೊಸದುರ್ಗದ್ದಿರಲಿ, ಸರ್ವೆ ನಂಬ್ರ ಯಾವುದು, ಜಾಗ ಯಾರ ಹೆಸರಿನಲ್ಲಿದೆ, ಪುರಂಬೋಕು ಎಷ್ಟು ಎಂದು ಕೇಳಿ. ಬಾಯಿಮಾತಿನಲ್ಲಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ, 30 ದಿನಗಳೊಳಗೆ ಉತ್ತರ ಬರಬೇಕು. ಉತ್ತರ ಕೈಗೆ ಬಂದ ಮೇಲೆ ಗೋಡೆಗೊಂದು, ಸೌಕರ್ಯಕ್ಕೊಂದು ಎಂದು ಎರಡು ಮನವಿ ಬರೆಯಿರಿ.

ಮನವಿ ಕನ್ನಡದಲ್ಲೇ ಇರಲಿ. ಇಲ್ಲಿನ ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಕಾಲದಿಂದ ಬಂದದ್ದು. ಜೊತೆಗೆ, ಕೋಟೆಯ ಬಾಗಿಲಲ್ಲಿ ಕಟ್ಟಿಸಿದವರ ಹೆಸರು ಹೇಳುವ ಕನ್ನಡ ಫಲಕವೊಂದನ್ನೂ ಆ ಮನವಿಯಲ್ಲೇ ಕೇಳಿ. ಅದಕ್ಕೆ ದೊಡ್ಡ ಅನುದಾನವೇನೂ ಬೇಕಾಗಿಲ್ಲ.